ಯಾರದೋ ಮೂಳೆ, ನಮ್ಮತ್ತೆಯ ಮೊಣಕೈ

ಲಕ್ಕೂರಿನ ನಮ್ಮತ್ತೆಗೆ ಕೀಲುವಾತ. ಮೊಣಕೈಗೆ ಹಾಕಿದ್ದ ಕೃತಕ ಕೀಲು ಹತ್ತು ವರ್ಷಕ್ಕೆ ಸಡಿಲವಾಗಿ ಸುತ್ತಲಿನ ಮೂಳೆಯೇ ಸವೆದುಹೋಗಿತ್ತು. ಮತ್ತೆ ಕೀಲು ಕೂರಿಸೋಕೆ ದಾನದ ಮೂಳೆ ಬೇಕು ಅಂದ್ರು ಡಾಕ್ಟ್ರು.

"ಸತ್ತೋರ ಮೂಳೆ ಇಟ್ಕೊಂಡು ದೇವರಿಗೆ ದೀಪ ಹಚ್ಚಬೋದೇನಪ್ಪಾ?" ಅಂದರು ಅತ್ತೆ. ನನಗೆ ನಗು ಬರಲಿಲ್ಲ.

ಓದಿ ತಿಳಿದದ್ದನ್ನ ಹೇಳಿದೆ. ಇದು ಕಿಡ್ನಿ ಕಸಿಯಂತಲ್ಲ. ಮಜ್ಜೆ ತೊಳೆದು ತೆಗೆದ ಮೂಳೆ, ಹಾಗಲ ಬಳ್ಳಿಗೆ ಚಪ್ಪರ ಇದ್ದ ಹಾಗೆ. ನಮ್ಮದೇ ಮೂಳೆ ನಿಧಾನವಾಗಿ ಅದಕ್ಕೆ ಹಬ್ಬಬೇಕು. ಅದಕ್ಕಾಗಿ ಜೀವನಪೂರ್ತಿ ಮಾತ್ರೆ ನುಂಗಬೇಕಿಲ್ಲ. ಸೋಂಕಿನ ಭಯ ಮಾತ್ರ ಇದ್ದೇ ಇರುತ್ತೆ. ಕೊಡೋರೆಲ್ಲ ಸತ್ತವರೂ ಅಲ್ಲ: ಸೊಂಟದ ಕೀಲು ಬದಲಿಸುವಾಗ ತೆಗೆದ ತೊಡೆಮೂಳೆಯ ತಲೆಯನ್ನೂ ದಾನ ಮಾಡ್ತಾರೆ. ಉದ್ದದ ಪಟ್ಟಿ ಬೇಕಾದರೆ ಸತ್ತವರದೇ ಆಗಬೇಕು. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ 1988ರಲ್ಲೇ ಇಂಥ ಬ್ಯಾಂಕ್ ಶುರುವಾಯ್ತು. ಅಲ್ಲಿ ಗಾಮಾ ಕಿರಣದಿಂದ ಶುದ್ಧಿ ಮಾಡ್ತಾರೆ.

ಅತ್ತೆ ಸುಮಾರು ಹೊತ್ತು ಸುಮ್ಮನಿದ್ದು, "ಕೊಟ್ಟೋರು ಪುಣ್ಯವಂತರು ಬಿಡು" ಅಂದರು. ಈಗ ತಾವೇ ಜಡೆ ಹೆಣ್ಕೋತಾರೆ. ಬಿಂದಿಗೆ ಮಾತ್ರ ಎತ್ತುವಂತಿಲ್ಲ.

ಅಣ್ಣಾವ್ರು 2006ರಲ್ಲಿ, ಅಪ್ಪು 2021ರಲ್ಲಿ ಕಣ್ಣು ಕೊಟ್ಟು ಹೋದರು. ಆದ್ರೆ ಮೂಳೆಯ ಮಾತು ನಮ್ಮ ಮನೆಗಳಲ್ಲಿ ಯಾರೂ ಎತ್ತಲ್ಲ. ನಾನು ನಮ್ಮನೇಲಿ ಎತ್ತಿದ್ದೀನಿ. ನೀವು?