ಸೋಮ ಯಾವುದಕ್ಕೆ ಕಾವಲು? (ಭಾಗ 3)

ಫ್ರೆಂಡ್ಸ್, ಫೆಸ್ಟ್‌ಗೆ ನಮ್ಮ ಟೀಮ್ ಸೋಮನ ಕುಣಿತ ಮಾಡ್ತಿದೆ ಅಂದಾಗಿಂದ ಇನ್‌ಬಾಕ್ಸ್‌ನಲ್ಲಿ ಒಂದೇ ಪ್ರಶ್ನೆ: "ಮುಖವಾಡ ಎಲ್ಲಿ ಬಾಡಿಗೆಗೆ ಸಿಗುತ್ತೆ?" ಅದಕ್ಕೇ ಇವತ್ತಿನ ಕ್ಯಾಪ್ಷನ್ ಸ್ವಲ್ಪ ಉದ್ದ.

ಸೋಮ ಅಂದ್ರೆ ಗ್ರಾಮದೇವತೆಯ ಕಾವಲುಗಾರ. ಮರದಲ್ಲಿ ಕೆತ್ತಿ ಬಣ್ಣ ಬಳಿದ ದೊಡ್ಡ ಮುಖ, ಅಗಲ ಕಣ್ಣು. ನಮ್ಮ ಕಡೆ ಪೂಜೆ ಆಗದೆ ಅದನ್ನ ಯಾರೂ ಮುಖಕ್ಕೆ ಕಟ್ಟಲ್ಲ. ಅಂಥದ್ದನ್ನ ಎಂಟು ನಿಮಿಷಕ್ಕೆ ಕತ್ತರಿಸಿ ಲೈಟ್ ಕೆಳಗೆ ನಿಲ್ಲಿಸಬಹುದಾ? ತಾತ ಕೇಳಿದ್ದು ಇಷ್ಟೇ: "ಅಲ್ಲಿ ಯಾವ ದೇವ್ರ ಮುಂದೆ ಕುಣೀತೀರ ಮಗಾ?" ನನ್ನ ಹತ್ರ ಉತ್ತರ ಇರಲಿಲ್ಲ.

ಹುಡುಕ್ತಾ ಹುಡುಕ್ತಾ ಸಿಕ್ಕಿದ್ದು ಲೆಮಿ ಪೊನಿಫಾಸಿಯೊ. ಸಮೋವಾದಲ್ಲಿ ಹುಟ್ಟಿದವರು, 1995ರಲ್ಲಿ ನ್ಯೂಜಿಲೆಂಡ್‌ನಲ್ಲಿ 'ಮೌ' ಅನ್ನೋ ತಂಡ ಕಟ್ಟಿದವರು. ಸಮೋವಾ 1962ರಲ್ಲಿ ಸ್ವತಂತ್ರ ಆಯ್ತು; ಅದಕ್ಕೂ ಮುಂಚೆ ಅಲ್ಲಿ ನಡೆದ ಚಳವಳಿಯ ಹೆಸರೂ ಮೌ. ಇವರ ಪ್ರದರ್ಶನದಲ್ಲಿ ಹೂಹಾರ ಹಾಕ್ಕೊಂಡು ಟೂರಿಸ್ಟ್‌ಗಳಿಗೆ ನಗೋ ದ್ವೀಪದ ಹುಡುಗೀರು ಇರಲ್ಲ. ಕತ್ತಲು, ಮೌನ, ನಿಧಾನ ನಡೆ. ನೋಡೋರಿಗೆ ಒಂದು ವಿಧಿಯ ಒಳಗೇ ಕೂತ ಹಾಗೆ ಅನ್ಸುತ್ತೆ.

ಕಿರಿಬಾಟಿ ದೇಶದ ತರಾವಾದಲ್ಲಿ ಅವರು ಹಕ್ಕಿಗಳನ್ನ ನೋಡಿದ್ರಂತೆ. ಕೊಕ್ಕಲ್ಲಿ ಯಾರೋ ಎಸೆದ ವಿಡಿಯೊ ಟೇಪಿನ ಚೂರು, ಬಿಸಿಲಿಗೆ ಕನ್ನಡಿ ಥರ ಹೊಳೀತಿತ್ತು. ಸಮುದ್ರ ಏರಿದ್ರೆ ಮುಳುಗೋ ಭಯದಲ್ಲಿರೋ ನೆಲ ಅದು. ಆ ನೋಟದಿಂದಲೇ 'ಬರ್ಡ್ಸ್ ವಿತ್ ಸ್ಕೈಮಿರರ್ಸ್' ಅನ್ನೋ ಕೃತಿ ಹುಟ್ಟಿತು.

ಅದನ್ನ ಓದಿದ ಮೇಲೆ ನನ್ನ ಪ್ರಶ್ನೆಯೇ ಬದಲಾಯ್ತು. ವೇಷ ಹೇಗೆ ತರೋದು ಅನ್ನೋದಲ್ಲ, ಇವತ್ತು ಸೋಮ ಯಾವುದನ್ನ ಕಾಯ್ಬೇಕು ಅನ್ನೋದು.

ಸೋಲೂರಿನವರಿಗೆ ದೂರ ಹೋಗೋದು ಬೇಕಿಲ್ಲ. ಶಿವಗಂಗೆ ಬೆಟ್ಟದಲ್ಲಿ ಹುಟ್ಟೋ ಕುಮುದ್ವತಿ ತಿಪ್ಪಗೊಂಡನಹಳ್ಳಿಯಲ್ಲಿ ಅರ್ಕಾವತಿ ಸೇರುತ್ತೆ. ಒಂದು ಕಾಲಕ್ಕೆ ಬೆಂಗಳೂರಿಗೇ ಕುಡಿಯೋ ನೀರು ಕೊಟ್ಟ ಜಲಾಶಯ ಅದು. ಈಗ ಮಳೆಗಾಲ ಬಿಟ್ರೆ ಎಷ್ಟೋ ಕಡೆ ಹೊಳೆ ಅಂತ ತೋರಿಸೋಕೆ ಮರಳು, ಮುಳ್ಳು ಅಷ್ಟೇ.

ಹಾಗಾಗಿ ಗುಡಿಯ ಮುಖವಾಡ ಗುಡಿಯಲ್ಲೇ ಇರುತ್ತೆ. ನಾವು ಬರೀ ಮುಖದಲ್ಲಿ ಬರ್ತೀವಿ. ಒಬ್ಬ ಖಾಲಿ ಕೊಡ ಹೊತ್ತು ನಡೀತಾನೆ, ಉಳಿದವರು ಅವನ ಸುತ್ತ ಕಾವಲು. ನಡುವೆ ಒಂದು ನಿಮಿಷ ತಮಟೆ ಪೂರ್ತಿ ನಿಲ್ಲುತ್ತೆ. ಆ ಒಂದು ನಿಮಿಷಕ್ಕೆ ಮಾರ್ಕ್ಸ್ ಹೋದ್ರೂ ಪರವಾಗಿಲ್ಲ ಅಂತ ಎಲ್ರೂ ಒಪ್ಪಿದ್ದಾರೆ.

ನಿಮ್ಮೂರಲ್ಲಿ ಸೋಮ ಇದ್ದಾನಾ? ಪೂಜಾ ಕುಣಿತ, ಪಟ? ಮನೇಲಿ ದೊಡ್ಡವರನ್ನ ಕೇಳಿ, ಕಾಮೆಂಟಲ್ಲಿ ಬರೀರಿ. ಮುಂದಿನ ಭಾಗದಲ್ಲಿ ರಿಹರ್ಸಲ್ ಫೋಟೋ ಹಾಕ್ತೀನಿ.

#ಸೋಮನಕುಣಿತ #ಸೋಲೂರು #ಕುಮುದ್ವತಿ