ನಮ್ಮೂರಿಗೆ ಬರೋಕೆ ಸಾವಿರದೆಂಟುನೂರಾ?

ಸೆಮಿಸ್ಟರ್ ಎಕ್ಸಾಮ್ ಮುಗಿದ ರಾತ್ರಿ ಹಾಸ್ಟೆಲ್‌ನಲ್ಲಿ ಹುಟ್ಟೋ ಐಡಿಯಾಗಳನ್ನ ನಂಬಬಾರದು ಅಂತ ಸೀನಿಯರ್‌ಗಳು ಹೇಳಿದ್ರು. ನಾವು ನಂಬಿದ್ವಿ. ಆವತ್ತು ರಾತ್ರಿ ನಾವು ನೋಡ್ತಾ ಇದ್ದದ್ದು ಕೆನಡಾದ ಒಂದು ವಿಡಿಯೋ. ನಾಲ್ಕು ಜನ ಉದ್ದನೆಯ ದೋಣಿಯಲ್ಲಿ ಟೆಂಟು, ಪಾತ್ರೆ, ಸ್ಟೌ ಎಲ್ಲ ತುಂಬ್ಕೊಂಡು ಹೋಗ್ತಾರೆ. ಸಂಜೆ ಆದ್ರೆ ದಡದಲ್ಲಿ ಟೆಂಟ್ ಹಾಕ್ತಾರೆ, ಬೆಳಿಗ್ಗೆ ಮತ್ತೆ ಹುಟ್ಟು ಹಾಕ್ತಾರೆ. ಕೆನೂ ಕ್ಯಾಂಪಿಂಗ್ ಅಂತೆ. ನಮ್ಮ ಪಕ್ಕದಲ್ಲೇ ಕಾವೇರಿ ಹರೀತಿದಾಳೆ, ನಾವ್ಯಾಕೆ ಮಾಡಬಾರದು?

ಮೊದಲನೇ ಪ್ಲಾನ್: ತಲಕಾಡಿನಿಂದ ನೀರಿಗಿಳಿದು ಬ್ಲಫ್ ತನಕ. ಮ್ಯಾಪ್ ತೆಗೆದ ಸಿವಿಲ್‌ನವನು ಎರಡೇ ನಿಮಿಷದಲ್ಲಿ ಅದನ್ನ ಕೊಂದ. ಬ್ಲಫ್ ಹತ್ತಿರ ನದಿ ಎರಡಾಗಿ ಸೀಳಿ, ಒಂದು ಕಡೆ ಗಗನಚುಕ್ಕಿ, ಇನ್ನೊಂದು ಕಡೆ ಭರಚುಕ್ಕಿ ಆಗುತ್ತೆ. ಗಗನಚುಕ್ಕಿ ಎತ್ತರ ನೂರು ಮೀಟರ್ ಹತ್ತತ್ರ. "ದೋಣಿ ಹೋಗುತ್ತೆ, ವಾಪಸ್ ಬರಲ್ಲ" ಅಂದ. ಎರಡನೇ ಪ್ಲಾನ್: ಜಲಪಾತದ ಕೆಳಗೆ, ಮುತ್ತತ್ತಿ ಭೀಮೇಶ್ವರಿ ಕಡೆ. ಅದು ಕಾವೇರಿ ವನ್ಯಜೀವಿ ಧಾಮ. ಅರಣ್ಯ ಇಲಾಖೆ ಒಪ್ಪಿಗೆ ಇಲ್ಲದೆ ದಡದಲ್ಲಿ ರಾತ್ರಿ ಉಳಿಯೋ ಹಾಗಿಲ್ಲ, ಆನೆ ಬರುತ್ತೆ, ಸುಳಿ ಇದೆ. ಅಲ್ಲಿ ಜಂಗಲ್ ಲಾಡ್ಜಸ್‌ನ ಕ್ಯಾಂಪ್ ಇದೆ, ಕಯಾಕ್ ಕೂಡ ಇದೆ. ಪ್ಯಾಕೇಜ್ ರೇಟ್ ನೋಡಿ ಲ್ಯಾಪ್‌ಟಾಪ್ ಮುಚ್ಚಿದ್ವಿ.

ಕೊನೆಗೆ ಉಳಿದದ್ದು ಮೂರನೇ ಪ್ಲಾನ್. ಶನಿವಾರ ರಾತ್ರಿ ಬ್ಲಫ್ ಹತ್ತಿರ ಎಲ್ಲಾದ್ರೂ ಟೆಂಟ್. ಭಾನುವಾರ ಭರಚುಕ್ಕಿ ಕೆಳಗೆ ತೆಪ್ಪ. ನೀರು ಕಡಿಮೆ ಇರೋ ದಿನಗಳಲ್ಲಿ ಅಲ್ಲಿ ತೆಪ್ಪ ಓಡಿಸ್ತಾರೆ. ಕೆನೂ ಅಲ್ಲದಿದ್ರೂ ಹುಟ್ಟು ಇದೆ, ನೀರಿದೆ. ಏಳು ಜನ. ಈಗ ಬೇಕಾಗಿರೋದು ಟೆಂಟ್.

ಇಲ್ಲಿಂದ ನಮ್ಮೊಳಗಿನ ಎಂಜಿನಿಯರ್‌ಗಳು ಎದ್ದು ಕೂತರು. ಎಕ್ಸೆಲ್ ಶೀಟ್ ತೆರೆದ್ವಿ. ಮೂರು ಆಯ್ಕೆ.

ಒಂದು: ಆನ್‌ಲೈನ್‌ನಲ್ಲಿ ಸಿಗೋ "ನಾಲ್ಕು ಜನರ" ಟೆಂಟ್, 2,100 ರೂಪಾಯಿ. ಎರಡು ತಗೊಂಡ್ರೆ 4,200, ತಲೆಗೆ 600. ಎರಡು: ಸ್ಪೋರ್ಟ್ಸ್ ಅಂಗಡಿಯ ಮೂರು ಜನರ ಡಬಲ್ ಲೇಯರ್ ಟೆಂಟ್, 4,200. ಮೂರು ಬೇಕು, ಒಟ್ಟು 12,600, ತಲೆಗೆ 1,800. ಮೂರು: ಬೆಂಗಳೂರಿಂದ ಬಾಡಿಗೆಗೆ. ರಾತ್ರಿಗೆ ಒಂದಕ್ಕೆ 350, ಆದ್ರೆ ಮೂರಕ್ಕೂ ಸೇರಿ ಡೆಪಾಸಿಟ್ 6,000. ಜೊತೆಗೆ ತರೋಕೆ ಒಂದ್ಸಲ, ಕೊಡೋಕೆ ಒಂದ್ಸಲ ಯಾರಾದ್ರೂ ಬೆಂಗಳೂರಿಗೆ ಓಡಬೇಕು.

ಅಗ್ಗದ ಟೆಂಟ್‌ನ ಅಳತೆ 200 ಸೆಂಟಿಮೀಟರ್‌ಗೆ 200. ಹಾಸ್ಟೆಲ್ ಕಾರಿಡಾರ್‌ನಲ್ಲಿ ಚಾಕ್‌ಪೀಸ್‌ನಿಂದ ಅಷ್ಟೇ ದೊಡ್ಡ ಚೌಕ ಬರೆದು ನಾಲ್ಕು ಜನ ಮಲಗಿ ನೋಡಿದ್ವಿ. ಒಬ್ಬರಿಗೆ 50 ಸೆಂಟಿಮೀಟರ್. ನಮ್ಮ ಹಾಸ್ಟೆಲ್ ಮಂಚವೇ 90 ಇದೆ. ಒಬ್ಬ ಮಗ್ಗಲು ಬದಲಾಯಿಸಬೇಕಾದ್ರೆ ನಾಲ್ಕೂ ಜನ ಬದಲಾಯಿಸಬೇಕು. ಅಷ್ಟರಲ್ಲಿ ವಾರ್ಡನ್ ಬಂದು, ಚೌಕದೊಳಗೆ ಅಂಗಾತ ಮಲಗಿದ್ದ ನಮ್ಮನ್ನ ನೋಡಿ, ಏನೂ ಕೇಳದೆ ವಾಪಸ್ ಹೋದರು. ಆವತ್ತೇ ಗೊತ್ತಾಯ್ತು: ಟೆಂಟ್ ಮೇಲೆ ನಾಲ್ಕು ಅಂತ ಬರೆದಿದ್ರೆ ಮೂರು ಜನ ಅಂತ ಓದಬೇಕು, ಬ್ಯಾಗ್ ಇದ್ರೆ ಎರಡೂವರೆ.

ಆಮೇಲೆ "ವಾಟರ್‌ಪ್ರೂಫ್" ವಿಷಯ. ಒಳ್ಳೆ ಟೆಂಟ್‌ಗಳ ಮೇಲೆ 1500 ಎಂಎಂ, 2000 ಎಂಎಂ, 3000 ಎಂಎಂ ಅಂತ ಬರೆದಿರ್ತಾರೆ. ಬಟ್ಟೆ ಮೇಲೆ ಅಷ್ಟು ಎತ್ತರದ ನೀರಿನ ಕಂಬ ನಿಲ್ಲಿಸಿದ್ರೂ ಸೋರಲ್ಲ ಅಂತ ಅರ್ಥ. ನಮ್ಮ ಫ್ಲೂಯಿಡ್ ಮೆಕ್ಯಾನಿಕ್ಸ್‌ನ ರೋ ಜಿ ಎಚ್ ಮೊದಲನೇ ಸಲ ಕೆಲಸಕ್ಕೆ ಬಂತು. 1500 ಎಂಎಂ ಅಂದ್ರೆ ಸುಮಾರು 15 ಕಿಲೋಪ್ಯಾಸ್ಕಲ್. ಮಳೆ ತಡೆಯೋಕೆ ಪರವಾಗಿಲ್ಲ. ಆದ್ರೆ ನೆಲದ ಬಟ್ಟೆ ಕಥೆ ಬೇರೆ. 60 ಕೆಜಿ ಮನುಷ್ಯ ಮಂಡಿಯೂರಿ ಕೂತರೆ, ಒಂದು ಮಂಡಿ ಕೆಳಗೆ 50 ಚದರ ಸೆಂಟಿಮೀಟರ್ ಅಂತ ಇಟ್ಕೊಂಡ್ರೂ, ಅದು ಆರು ಮೀಟರ್ ನೀರಿನ ಕಂಬದಷ್ಟು ಒತ್ತಡ. ಅದಕ್ಕೇ ಒದ್ದೆ ನೆಲದಲ್ಲಿ ಮಂಡಿ ಊರಿದ ಕಡೆ ನೀರು ಜಿನುಗೋದು. ಅಗ್ಗದ ಟೆಂಟ್ ಮೇಲೆ ಯಾವ ನಂಬರೂ ಇರಲಿಲ್ಲ, "ವಾಟರ್‌ಪ್ರೂಫ್" ಅಂತ ಮಾತ್ರ. ಅದೂ ಸಿಂಗಲ್ ಲೇಯರ್. ಚಳಿಗಾಲದ ರಾತ್ರಿ ನಮ್ಮ ಉಸಿರೇ ಒಳಗಡೆ ಹನಿಯಾಗಿ ಮುಖದ ಮೇಲೆ ಬೀಳುತ್ತೆ.

ಹೀಗಾಗಿ ಎಲ್ಲ ಅಂಕ ಕೂಡಿದಾಗ ಎರಡನೇ ಆಯ್ಕೆ ಗೆದ್ದಿತು. ವಾಟ್ಸಾಪ್‌ನಲ್ಲಿ ಪೋಲ್ ಹಾಕಿದ್ವಿ. "1,800 ಜಾಸ್ತಿ ಅಲ್ಲ, ಮುಂದೆ ಬೇರೆ ಟ್ರಿಪ್‌ಗೂ ಆಗುತ್ತೆ" ಅಂತ ನಮಗೆ ನಾವೇ ಹೇಳ್ಕೊಂಡ್ವಿ. ಆರು ವೋಟ್ ಬಿತ್ತು. ಏಳನೇದು ಬೀಳಲಿಲ್ಲ. ಎರಡು ದಿನ ಆದ್ಮೇಲೆ ಅವನ ಮೆಸೇಜ್ ಬಂತು: "ಊರಲ್ಲಿ ಕೆಲ್ಸ ಐತೆ, ನೀವು ಹೋಗ್ಬನ್ನಿ."

ಹೆಸರು ಹಾಕಬೇಡಿ ಅಂದಿದ್ದಾನೆ, ಹಾಕಲ್ಲ. ಎಲೆಕ್ಟ್ರಿಕಲ್‌ನವನು ಅಂತ ಇಟ್ಕೊಳ್ಳಿ. ಹತ್ತನೇ ಕ್ಲಾಸ್ ತನಕ ಕನ್ನಡ ಮೀಡಿಯಂ. ಫಸ್ಟ್ ಇಯರ್ ವೈವಾದಲ್ಲಿ ಅವನು ಅರ್ಧ ಕನ್ನಡದಲ್ಲಿ ಉತ್ತರ ಹೇಳಿದಾಗ ನಾವೆಲ್ಲ ನಕ್ಕಿದ್ವಿ. ಉತ್ತರ ಸರಿಯಾಗಿತ್ತು. ನಾವು ನಕ್ಕಿದ್ದು ನಮಗೆ ಮರೆತುಹೋಗಿತ್ತು, ಅವನಿಗೆ ಮರೆತಿರಲಿಲ್ಲ. ಊರು ಯಾವುದು ಅಂದ್ರೆ "ಮಳವಳ್ಳಿ ಕಡೆ" ಅಂತಿದ್ದ. ಒಂದೂವರೆ ವರ್ಷ ಜೊತೆಯಲ್ಲಿ ಊಟ ಮಾಡಿದ್ರೂ ಮಳವಳ್ಳಿ ಕಡೆ ಎಲ್ಲಿ ಅಂತ ನಾವು ಯಾರೂ ಕೇಳಿರಲಿಲ್ಲ.

ಮೆಸ್‌ನಲ್ಲಿ ಹಿಡ್ಕೊಂಡ್ವಿ. ಏನು ಕೆಲಸ, ಒಂದು ದಿನ ಬಿಡೋಕಾಗಲ್ವಾ ಅಂತ ಪೀಡಿಸಿದ್ವಿ. ಅವನು ಸ್ವಲ್ಪ ಹೊತ್ತು ತಟ್ಟೆ ನೋಡ್ತಾ ಇದ್ದು ಹೇಳಿದ: "ಅಲ್ಲ ಕಣ್ರಲಾ, ನೀವು ಹೋಗ್ತಿರಾದು ನಮ್ಮೂರ್ಗೆ. ನಮ್ಮೂರ್ಗೆ ಬರಕ್ಕೆ ನಾನ್ ಸಾವ್ರದೆಂಟ್ನೂರ್ ಕೊಡ್ಬೇಕಾ?"

ನಮಗೆ ನಗು ಬಂತು, ಆಮೇಲೆ ನಿಂತಿತು. ಅವನ ಸ್ಕಾಲರ್‌ಶಿಪ್ ಇನ್ನೂ ಬಂದಿರಲಿಲ್ಲ. ಎಕ್ಸಾಮ್ ಫೀಸನ್ನ ಅವನಪ್ಪ ರೇಷ್ಮೆ ಗೂಡು ಮಾರಿ ಕಟ್ಟಿದ್ರು. ನಮ್ಮ ಶೀಟ್‌ನಲ್ಲಿ ಬೆಲೆ, ತೂಕ, ಜಾಗ, ಎಂಎಂ ಎಲ್ಲದಕ್ಕೂ ಕಾಲಂ ಇತ್ತು. ಈ ಬೆಲೆಗೆ ಯಾರು ಬರೋಕಾಗುತ್ತೆ, ಯಾರಿಗಾಗಲ್ಲ ಅನ್ನೋದಕ್ಕೆ ಇರಲಿಲ್ಲ. ನಮ್ಮಲ್ಲೊಬ್ಬ "ನಿನ್ ಪಾಲು ನಾವ್ ಹಾಕ್ತೀವಿ ಬಿಡು ಮಗಾ" ಅಂದ. ಅದು ಇನ್ನೂ ತಪ್ಪಾಯ್ತು ಅಂತ ಅವನ ಮುಖ ನೋಡಿದ ಮೇಲೆ ಗೊತ್ತಾಯ್ತು. ಊಟ ಬಿಟ್ಟು ಎದ್ದು ಹೋದ.

ರಾತ್ರಿ ಅವನೇ ರೂಮಿಗೆ ಬಂದ. "ಟೆಂಟ್ ಯಾಕ್ರಲಾ ಬೇಕು? ನಮ್ಮನೇಲಿ ಟಾರ್ಪಾಲ್ ಐತೆ" ಅಂದ. ರೈತ ಸಂಪರ್ಕ ಕೇಂದ್ರದಲ್ಲಿ ಸಬ್ಸಿಡಿಗೆ ಕೊಡ್ತಾರಲ್ಲ, ಆ ಕಪ್ಪು ಟಾರ್ಪಾಲ್. 8 ಮೀಟರ್‌ಗೆ 6 ಮೀಟರ್, 250 ಜಿಎಸ್‌ಎಂ. ನಾವು ಶೀಟ್‌ನಲ್ಲಿ ಹೊಸ ಸಾಲು ಸೇರಿಸಿದ್ವಿ. ಲೆಕ್ಕ ಅವನೇ ಮಾಡಿದ. ಮಧ್ಯದಲ್ಲಿ 8 ಮೀಟರ್ ಹಗ್ಗ, ಎರಡೂ ಕಡೆ 3 ಮೀಟರ್ ಇಳಿಜಾರು. ಬುಡದಲ್ಲಿ 5 ಮೀಟರ್ ಅಗಲ ಬಿಟ್ಟರೆ ಎತ್ತರ 1.66 ಮೀಟರ್. ಪೈಥಾಗರಸ್. 40 ಚದರ ಮೀಟರ್ ನೆಲ, ಏಳು ಜನಕ್ಕೆ ಧಾರಾಳ. ತೂಕ 12 ಕೆಜಿ. ಕೆನಡಾದವರು ಇದನ್ನ ದೋಣಿಗೆ ಹಾಕಲ್ಲ. ಆದ್ರೆ ನಾವು ಹೊರಬೇಕಾಗಿರಲಿಲ್ಲ, ಅದು ಆಗಲೇ ಬ್ಲಫ್‌ನಲ್ಲಿತ್ತು.

ಸಂಕ್ರಾಂತಿ ಆದ್ಮೇಲಿನ ಶನಿವಾರ ಮಳವಳ್ಳಿಗೆ ಒಂದು ಬಸ್ಸು, ಅಲ್ಲಿಂದ ಬ್ಲಫ್‌ಗೆ ಇನ್ನೊಂದು. ಗೊತ್ತಿಲ್ಲದವರಿಗೆ ಹೇಳಬೇಕು: ಬ್ಲಫ್ ಅನ್ನೋದು ಶಿವನಸಮುದ್ರದ ಪವರ್‌ಹೌಸ್‌ಗೆ ಅಂತ ಹುಟ್ಟಿದ ಊರು. ಕಡಿದಾದ ಗುಡ್ಡದ ಅಂಚಿಗೆ ಇಂಗ್ಲಿಷ್‌ನವರು ಹೇಳೋ ಪದ ಊರಿನ ಹೆಸರಾಯ್ತು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಶುರುವಾದ ಯೋಜನೆಯಿಂದ 1902ರ ಜೂನ್‌ನಲ್ಲಿ ಇಲ್ಲಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಯ್ತು, ಸುಮಾರು 147 ಕಿಲೋಮೀಟರ್ ಲೈನ್. 1905ರಲ್ಲಿ ಬೆಂಗಳೂರಿಗೆ. ನಾವು ಕ್ಲಾಸ್‌ನಲ್ಲಿ ನಯಾಗರಾ ಬಗ್ಗೆ ಕೇಳಿದ್ವಿ, ಎರಡು ಬಸ್ ದೂರದ ಬ್ಲಫ್ ಬಗ್ಗೆ ಕೇಳಿರಲಿಲ್ಲ. ಆರಂಭದಲ್ಲಿ ಇಲ್ಲಿನ ಕರೆಂಟ್ 50 ಅಲ್ಲ, 25 ಸೈಕಲ್ ಇತ್ತು ಅಂತ ಬಸ್ಸಿಳಿದು ನಡೆಯೋವಾಗ ಎಲೆಕ್ಟ್ರಿಕಲ್‌ನವನು ಹೇಳ್ತಾ ಹೋದ. ಕಾಲೇಜಿನಲ್ಲಿ ಅವನು ಅಷ್ಟು ಹೊತ್ತು ಒಟ್ಟಿಗೆ ಮಾತಾಡಿದ್ದನ್ನ ನಾವು ಕೇಳೇ ಇರಲಿಲ್ಲ.

ಅವನ ಜಮೀನು ಊರಿಂದ ಸ್ವಲ್ಪ ಆಚೆ, ಜಲಪಾತಕ್ಕಿಂತ ಮೇಲ್ಗಡೆ. ಹೋಗಿ ನೋಡಿದ್ರೆ ಟಾರ್ಪಾಲ್ ಮೇಲೆ ರಾಗಿ ಹರಡಿದೆ! ಟೆಂಟ್ ಬೇಕು ಅಂದ್ರೆ ಮೊದಲು ರಾಗಿ ತುಂಬಬೇಕು. ಏಳು ಜನ ಸೇರಿ ಮೂಟೆ ಕಟ್ಟೋ ಹೊತ್ತಿಗೆ ಸಂಜೆ ಐದು. ಮೈಯೆಲ್ಲ ನವೆ. ಅಜ್ಜಿ ನೋಡಿ ನಕ್ಕು, "ಓದೋ ಮಕ್ಳು, ಪಾಪ, ಒಸಿ ಕೂತ್ಕಳಿ" ಅಂತ ಮಜ್ಜಿಗೆ ಕೊಟ್ಟರು.

ಟೆಂಟ್ ಎಲ್ಲಿ ಹಾಕೋದು? ಜಮೀನಿನ ಕೆಳಗೆ ನದಿ ಪಕ್ಕ ಮರಳಿತ್ತು. ವಿಡಿಯೋದಲ್ಲಿದ್ದ ಹಾಗೇ. ನಾವು ಬ್ಯಾಗ್ ತಗೊಂಡು ಅಲ್ಲಿಗೆ ಹೊರಟೇಬಿಟ್ವಿ. ಅವನಪ್ಪ ತಡೆದರು. "ಅಲ್ಲಿ ಬ್ಯಾಡ ಕನ್ರಪ್ಪ. ಮ್ಯಾಲೆ ಕನ್ನಂಬಾಡಿನೂ ಐತೆ, ಕಬಿನಿನೂ ಐತೆ. ಎಲ್ಡ್ರುದೂ ನೀರು ಇಲ್ಗೇ ಬರಾದು. ರಾತ್ರಿ ಬುಟ್ರೆ ನಿಮ್ಗೇನ್ ಫೋನ್ ಮಾಡಿ ಬುಡ್ತಾರಾ?" ಮಳೆಯೇ ಇಲ್ವಲ್ಲ ಅಂಕಲ್ ಅಂದ್ವಿ. ಅವರು ಬಂಡೆ ತೋರಿಸಿದರು. ಬಂಡೆ ಮೇಲೆ ಒಂದು ಗೆರೆ, ಕೆಳಗೆ ಪಾಚಿ ಬಣ್ಣ, ಮೇಲೆ ಬಿಳಿ. ಗೆರೆ ನಮ್ಮ ಎದೆ ಮಟ್ಟಕ್ಕಿತ್ತು. ನಾವು ತೆಪ್ಪಗೆ ಮೇಲೆ ಬಂದು, ಹುಲ್ಲಿನ ಮೆದೆ ಪಕ್ಕ ಜಾಗ ಹಿಡಿದ್ವಿ.

ಎರಡು ಬಿದಿರ ಗಳ, ನಡುವೆ ಹಗ್ಗ, ಸುತ್ತ ಗೂಟ. ನಾವು ಮೆಕ್ಯಾನಿಕಲ್‌ನವರು ಕಟ್ಟಿದ ಗಂಟು ಎರಡು ಸಲ ಬಿಚ್ಚಿಕೊಂಡಿತು. ಅವನು ಹಸು ಕಟ್ಟೋ ಗಂಟು ಹಾಕಿದ, ಬೆಳಗಿನ ತನಕ ಅಲ್ಲಾಡಲಿಲ್ಲ. ಕೆಳಗೆ ರಾಗಿ ಹುಲ್ಲು, ಮೇಲೆ ಗೋಣಿಚೀಲ, ಚಾಪೆ. ರಾತ್ರಿ ಮುದ್ದೆ, ಉಪ್ಸಾರು. ಎರಡು ತುದಿಯೂ ತೆರೆದಿದ್ದರಿಂದ ಒಳಗೆ ಹನಿ ಕಟ್ಟಲಿಲ್ಲ, ಆದ್ರೆ ಗಾಳಿ ನೇರ ನುಗ್ಗಿತು. ಮೂರು ಗಂಟೆಗೆ ನಮ್ಮಲ್ಲಿ ನಾಲ್ಕು ಜನ ಒಂದೇ ಕಂಬಳಿ ಕೆಳಗಿದ್ವಿ. ತಲೆಗೆ 50 ಸೆಂಟಿಮೀಟರ್ ಕೂಡ ಇರಲಿಲ್ಲ.

ಬೆಳಿಗ್ಗೆ ಎದ್ದು ನದಿಗೆ ಹೋದ್ವಿ. ನಾವು ಆರಿಸಿದ್ದ ಮರಳಿನ ಮೇಲೆ ಒಂದು ಗೇಣು ನೀರು ನಿಂತಿತ್ತು. ಒಂದೇ ಗೇಣು, ಬಹುಶಃ ನಾವೇನೂ ಕೊಚ್ಚಿಕೊಂಡು ಹೋಗ್ತಿರಲಿಲ್ಲ. ಆದ್ರೆ ಕತ್ತಲಲ್ಲಿ, ನಿದ್ದೆಗಣ್ಣಲ್ಲಿ, ಜಿಪ್ ಹಾಕಿದ ಟೆಂಟೊಳಗೆ ಮೂರು ಮೂರು ಜನ ಅಂತ ಯೋಚನೆ ಮಾಡಿ ಯಾರೂ ಮಾತಾಡಲಿಲ್ಲ. ನಮ್ಮ ಶೀಟ್‌ನಲ್ಲಿ 3000 ಎಂಎಂ ಇದ್ದ ಟೆಂಟ್‌ಗೆ ಹತ್ತಕ್ಕೆ ಹತ್ತು ಅಂಕ ಇತ್ತು.

ಮಧ್ಯಾಹ್ನ ಭರಚುಕ್ಕಿ. ತೆಪ್ಪ ದುಂಡಗಿರುತ್ತೆ, ಬಿದಿರಿನ ಹೆಣಿಗೆ, ಹಿಂದೆ ಚರ್ಮ ಹೊದಿಸ್ತಿದ್ರಂತೆ, ಈಗ ಪ್ಲಾಸ್ಟಿಕ್ ಹಾಳೆಗೆ ಟಾರು. ತಳ ಚಪ್ಪಟೆ ಇರೋದ್ರಿಂದ ಮೊಣಕಾಲುದ್ದ ನೀರಲ್ಲೂ ತೇಲುತ್ತೆ. ಹುಟ್ಟು ನಮ್ಮ ಕೈಗೆ ಕೊಟ್ಟಾಗ ನಾವು ಇದ್ದಲ್ಲೇ ಬುಗುರಿ ಥರ ತಿರುಗಿದ್ವಿ. ತೆಪ್ಪದಣ್ಣನ ಹತ್ರ ಟೆಂಟ್ ಕಥೆ ಹೇಳಿದ್ರೆ ಅವರು ನಕ್ಕರು. "ಮಳೆ ಬಂದ್ರೆ ನಾವು ಇದುನ್ನೇ ಬೋರಲು ಹಾಕ್ಕಂಡು ಕೆಳಗ್ ಕೂತ್ಕತೀವಿ" ಅಂದರು.

ಟ್ರಿಪ್ ಖರ್ಚು ಬಸ್ಸು, ತೆಪ್ಪ, ಊಟ ಎಲ್ಲ ಸೇರಿ ತಲೆಗೆ 540. ಅದರಲ್ಲಿ ಟೆಂಟ್ ಪಾಲು 30, ಹಗ್ಗಕ್ಕೆ.

ಟೆಂಟ್ ತಗೊಳ್ಳೋ ಪ್ಲಾನ್ ಇರೋರಿಗೆ ನಮ್ಮ ಅನುಭವದಿಂದ ನಾಲ್ಕು ಮಾತು. ಜನರ ಸಂಖ್ಯೆಯಲ್ಲಿ ಒಂದು ಕಳೆದು ಓದಿ. ಎಂಎಂ ನಂಬರ್ ಬರೆಯದ ಟೆಂಟ್ ಬೇಡ, ಸಿಂಗಲ್ ಲೇಯರ್ ಬೇಡ, ಕೆಳಗೆ ಇನ್ನೊಂದು ಹಾಳೆ ಹಾಸಿ. ನದಿ ಹತ್ತಿರ ಆದ್ರೆ ಊರಿನವರನ್ನ ಕೇಳದೆ ಗೂಟ ಹೊಡೀಬೇಡಿ, ಲೈಫ್ ಜಾಕೆಟ್ ಕೊಡದ ತೆಪ್ಪ ಹತ್ತಬೇಡಿ. ಕೊನೇದು, ಗ್ರೂಪ್‌ನಲ್ಲಿ ಪೋಲ್ ಹಾಕೋ ಮುಂಚೆ, ವೋಟ್ ಹಾಕದೆ ಸುಮ್ಮನಿರೋನು ಯಾಕೆ ಸುಮ್ಮನಿದ್ದಾನೆ ಅಂತ ನೋಡಿ.

ವೈವಾದಲ್ಲಿ ನಕ್ಕಿದ್ದಕ್ಕೆ ಸಾರಿ ಕೇಳಬೇಕು ಅಂತ ಆ ರಾತ್ರಿ ಟಾರ್ಪಾಲ್ ಕೆಳಗೆ ಅಂದ್ಕೊಂಡಿದ್ವಿ. ಚಳಿಯಲ್ಲಿ ಕೇಳಲಿಲ್ಲ. ಇದನ್ನ ಬರೆದು ಅವನಿಗೆ ಓದೋಕೆ ಕೊಟ್ವಿ. ಎರಡು ಕಾಗುಣಿತ ತಿದ್ದಿ ವಾಪಸ್ ಕೊಟ್ಟು, "ಮುಂದಿನ್ ವರ್ಷ ರಾಗಿ ಕುಯ್ಲಿಗೇ ಬನ್ರಲಾ, ಟಾರ್ಪಾಲ್ ಖಾಲಿ ಇರ್ತದೆ" ಅಂದ.