ಮೂವತ್ತು ತಾಸಿನ ಕಾವು

ಗ್ರೀಸ್ ಎಂದರೆ ಹೆಚ್ಚಿನವರಿಗೆ ಕೈಗೆ ಮೆತ್ತಿದರೆ ಸುಲಭಕ್ಕೆ ಬಿಡದ ಜಿಡ್ಡು. ಪುಣೆಯ ಭೋಸರಿಯಲ್ಲಿ ಅದನ್ನು ತಯಾರಿಸುವ ಸಣ್ಣ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ನಾವು ಮೂವರು ಕನ್ನಡಿಗರು ಹಲವು ವರ್ಷ ದುಡಿದೆವು. ನಮ್ಮ ಕಣ್ಣಿಗೆ ಅದು ಸಾಬೂನಿನ ನವಿರು ಎಳೆಗಳ ಜಾಲವು ಎಣ್ಣೆಯನ್ನು ಹಿಡಿದಿಟ್ಟ ಬಗೆ. ಸಾಬೂನೆಂದರೆ ಬಟ್ಟೆ ಒಗೆಯುವುದಲ್ಲ, ಲಿಥಿಯಮ್ಮಿನದು.

ಆ ಸಾಬೂನಿಗೆ ಬೇಕಾದ ಆಮ್ಲವು ಔಡಲ ಬೀಜದ ಎಣ್ಣೆಯಿಂದ ಬರುತ್ತದೆ ಎಂದು ತಿಳಿದ ದಿನ ನಮಗೆ ನಗು ಬಂದಿತ್ತು. ದಕ್ಷಿಣದವರು ಹರಳು ಎನ್ನುವುದೂ ಇದನ್ನೇ. ನಮ್ಮ ಊರುಗಳಲ್ಲಿ ಹಿರಿಯರು ಹುಲ್ಲು ಸುಟ್ಟ ಕರಿಯನ್ನು ಔಡಲೆಣ್ಣೆಯಲ್ಲಿ ಕಲಸಿ ಚಕ್ಕಡಿಯ ಅಚ್ಚಿಗೆ ಹಚ್ಚುತ್ತಿದ್ದರು. ಅದಕ್ಕೆ ಕೀಲೆಣ್ಣೆ ಎಂದು ಹೆಸರು. 1942ರಲ್ಲಿ ಅಮೆರಿಕದ ಕ್ಲಾರೆನ್ಸ್ ಅರ್ಲ್ ಲಿಥಿಯಮ್ ಗ್ರೀಸಿಗೆ ಪೇಟೆಂಟ್ ಪಡೆದ. ಚಕ್ಕಡಿ ಹೋಗಿ ಮೋಟಾರು ಬಂದರೂ ಔಡಲ ಮಾತ್ರ ಕೀಲನ್ನು ಬಿಡಲಿಲ್ಲ. ನಾವು ದಿನವೂ ಹಾದುಹೋಗುತ್ತಿದ್ದ ಖಡಕಿಯ ಎಂಜಿನ್ ಕಾರ್ಖಾನೆಯ ಮೇಲಿರುವುದು ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿ, 1888ರಲ್ಲಿ ಸೈಕಲ್ ಅಂಗಡಿ ತೆರೆದ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನದ ಹೆಸರೇ. ಪರಸ್ಥಳದಲ್ಲಿರುವವರಿಗೆ ಇಂಥ ನಂಟುಗಳನ್ನು ಹುಡುಕುವ ಚಟ ಸ್ವಲ್ಪ ಹೆಚ್ಚು.

ನಮ್ಮ ಕೆಲಸದಲ್ಲಿ ತಾಳ್ಮೆ ಬೇಡುತ್ತಿದ್ದುದು ಕಾವಿನ ಪರೀಕ್ಷೆ. ನಿಕ್ಕಲ್ ತಂತಿಯ ಸಣ್ಣ ಜಾಲರಿಯನ್ನು ಶಂಕುವಿನಂತೆ ಮಡಿಸಿ, ಅದರಲ್ಲಿ 10 ಗ್ರಾಂ ಗ್ರೀಸ್ ತುಂಬಿ, ಮೊದಲೇ ತೂಗಿಟ್ಟ ಗಾಜಿನ ಪಾತ್ರೆಯೊಳಗೆ ತೂಗುಬಿಡಬೇಕು. ಬಳಿಕ 100 ಡಿಗ್ರಿ ಕಾವಿನ ಒಲೆಯಲ್ಲಿ 30 ತಾಸು. ಹೊರತೆಗೆದು ಆರಿಸಿ, ಶಂಕುವಿನ ತುದಿಗೆ ನಿಂತ ಕಡೆಯ ಹನಿಯನ್ನೂ ಪಾತ್ರೆಯ ಅಂಚಿಗೆ ಮೆಲ್ಲಗೆ ತಟ್ಟಿ ಇಳಿಸಿ ತೂಗಬೇಕು. ಒಸರಿದ ಎಣ್ಣೆ ನೂರಕ್ಕೆ 5ನ್ನು ಮೀರಬಾರದೆಂಬುದು ನಮ್ಮ ಗಿರಾಕಿಯ ಕರಾರು. ಹಾಗೆಂದು ಒಂದು ಹನಿಯೂ ಒಸರದ ಗ್ರೀಸ್ ಶ್ರೇಷ್ಠವೆನ್ನುವಂತಿಲ್ಲ. ಬೇರಿಂಗಿನ ಗುಂಡುಗಳನ್ನು ನೆನೆಸುವುದು ಒಸರುವ ಎಣ್ಣೆಯೇ. ಕೊಡದೆ ಹಿಡಿದಿಟ್ಟುಕೊಂಡರೆ ಅದೂ ಕೆಲಸಕ್ಕೆ ಬಾರದ ಜಿಪುಣತನ.

30 ತಾಸು ಎಂಬುದು ಪುಣೆಯಲ್ಲಿ ಪಂಚಾಂಗ ನೋಡಿ ಆರಂಭಿಸಬೇಕಾದ ಕಾರ್ಯ. ಇಲ್ಲಿನ ಕಾರ್ಖಾನೆಗಳಿಗೆ ಗುರುವಾರ ವಾರದ ರಜೆ, ವಿದ್ಯುತ್ ದುರಸ್ತಿಗೂ ಅದೇ ದಿನ. ಬುಧವಾರ ಒಲೆ ಹೊತ್ತಿಸಿದರೆ ನಡುವೆಯೇ ತಣಿಯುವ ಭಯ.

ಒಮ್ಮೆ ಲಾರಿಗಳ ಗಾಲಿ ಬೇರಿಂಗಿಗೆ ಹೋಗಬೇಕಿದ್ದ ಗ್ರೀಸಿನ ಎರಡು ಮಾದರಿಗಳನ್ನು ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಒಲೆಗಿಟ್ಟೆವು. ಬುಧವಾರ ಹತ್ತಕ್ಕೆ ವ್ಯವಸ್ಥಾಪಕರು ಬಂದು ನಿಂತರು. ಲಾರಿ ಬಾಗಿಲಲ್ಲಿದೆ, ನಾಳೆ ರಜೆ, ಇಪ್ಪತ್ನಾಲ್ಕು ತಾಸಿಗೇ ತೆಗೆದು ಬರೆದುಬಿಡಿ ಎಂದರು. “ಹನಿಬಿಂದು ಸರಿ ಬಂದಿದೆಯಲ್ಲ?” ಎಂಬುದು ಅವರ ವಾದ. ಬಂದಿತ್ತು, 190 ಡಿಗ್ರಿಯ ಆಸುಪಾಸಿನಲ್ಲಿ. ಆದರೆ ಕರಗುವುದು ಬೇರೆ, ನಿಧಾನವಾಗಿ ಎಣ್ಣೆ ಬಿಟ್ಟುಕೊಟ್ಟು ಒಣಗುವುದು ಬೇರೆ. ನಮ್ಮಲ್ಲಿ ಹಿರಿಯರಾದವರು, “ನಾಲ್ಕು ಗಂಟೆಗೆ ಬನ್ನಿ ಸಾಹೇಬರೆ” ಎಂದಷ್ಟೇ ಮರಾಠಿಯಲ್ಲಿ ಹೇಳಿ ಒಲೆಯ ಮುಂದೆ ಸ್ಟೂಲು ಎಳೆದು ಕುಳಿತರು. ಉಳಿದಿಬ್ಬರೂ ಅಲ್ಲೇ ನಿಂತೆವು. ಕೆಲಸ ಹೋದರೆ ಮಕ್ಕಳ ಶಾಲೆಯ ಗತಿಯೇನು ಎಂಬ ಲೆಕ್ಕ ಮೂವರ ತಲೆಯಲ್ಲೂ ಇತ್ತು.

ಸಾತಾರದ ದಾರಿಯ ಖಂಬಾಟಕಿ ಘಾಟಿನ ನೆನಪೂ ಇತ್ತು. ಹಬ್ಬಕ್ಕೆ ಊರಿಗೆ ಹೊರಟಾಗ ನಮ್ಮ ಬಸ್ಸು ರಾತ್ರಿ ಏರಿಳಿಯುತ್ತಿದ್ದುದು ಅದೇ ಹೆದ್ದಾರಿಯಲ್ಲಿ, ಇಂಥ ಲಾರಿಗಳ ಸಾಲಿನ ನಡುವೆ. ಇಳಿಜಾರಿನಲ್ಲಿ ಬ್ರೇಕಿನ ಕಾವು ಗಾಲಿಯ ನಡುವಿಗೇ ಇಳಿಯುತ್ತದೆ. ಎಣ್ಣೆಯೆಲ್ಲ ಸೋರಿಹೋದರೆ ಬೇರಿಂಗಿನಲ್ಲಿ ಉಳಿಯುವುದು ಒಣ ಸಾಬೂನು.

ನಾಲ್ಕಕ್ಕೆ ತೆಗೆದೆವು. ಒಂದರಲ್ಲಿ 0.58 ಗ್ರಾಂ ಎಣ್ಣೆ, ಇನ್ನೊಂದರಲ್ಲಿ 0.56. ಎರಡೂ ಮಿತಿ ಮೀರಿದ್ದವು. ವ್ಯವಸ್ಥಾಪಕರು ತಕ್ಕಡಿಯನ್ನೇ ಅನುಮಾನಿಸಿದರು. ಅವರೆದುರಿಗೇ ಬೊಟ್ಟು ಇಟ್ಟು ತಾಳೆ ನೋಡಿ ತೋರಿಸಿದೆವು. ಲಾರಿ ಖಾಲಿ ಹೋಯಿತು.

ಅದೇ ರಾತ್ರಿ ಆ ಮಾಲಿಗೆ ಇನ್ನಷ್ಟು ಸಾಬೂನು ಸೇರಿಸಿ, ಕಾಯಿಸಿ, ಗಿರಣಿಯಲ್ಲಿ ಮತ್ತೆ ಅರೆದರು. ಶುಕ್ರವಾರ ಇಟ್ಟು ಶನಿವಾರ ತೆಗೆದಾಗ ನೂರಕ್ಕೆ 3.1. ಸಂಜೆ ಪೀಪಾಯಿಗಳು ಹೊರಟವು. ತಡವಾದುದಕ್ಕೆ ಗಿರಾಕಿ ಬಿಲ್ಲಿನಲ್ಲಿ ಹಣ ಮುರಿದುಕೊಂಡರು. ವ್ಯವಸ್ಥಾಪಕರು ತಿಂಗಳೊಪ್ಪತ್ತು ನಮ್ಮೊಡನೆ ಮಾತಾಡಲಿಲ್ಲ. ಆದರೆ ಮುಂದಿನ ವಾರದಿಂದ ಮಾದರಿಗಳು ಸೋಮವಾರ ಬೆಳಿಗ್ಗೆಯೇ ನಮ್ಮ ಮೇಜಿಗೆ ಬರತೊಡಗಿದವು.